ಸಹಾಯ ಬೇಕು: ಚಿತ್ರದುರ್ಗದ ಸುತ್ತಮುತ್ತ ಕುದುರೆಗೆ ಲಾಳ ಕಟ್ಟುವವರು ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಚಂದ್ರವಳ್ಳಿ ಕಡೆ ರಜೆಗೆ ಬರುವ ಕುಟುಂಬಗಳನ್ನು ಸುತ್ತಾಡಿಸುವ ಎರಡು ಕುದುರೆಗಳಿಗೆ ಲಾಳ ಬದಲಿಸಬೇಕು. ಎತ್ತಿಗೆ ಲಾಳ ಹೊಡೆಯುವವರು ಸಿಗುತ್ತಾರೆ, ಆದರೆ ಆ ಕೆಲಸವೇ ಬೇರೆ. ಎತ್ತಿನದು ಸೀಳುಗೊರಸು, ಎರಡು ತುಂಡಿನ ಲಾಳ. ಕುದುರೆಗೆ ಒಂದೇ ಬಾಗಿದ ಪಟ್ಟಿ. ಮೊಳೆ ಗೊರಸಿನ ತಳದ ಬಿಳಿ ಗೆರೆಯಿಂದ ಹೊರಗೇ ಇರಬೇಕು. ಒಳಗೆ ಸರಿದರೆ ಜೀವವಿರುವ ಭಾಗಕ್ಕೆ ಚುಚ್ಚಿ ಕೀವಾಗಿ ಕುಂಟುತ್ತದೆ, ಪಾಪ.

ಇಲ್ಲಿನ ಬಂಡೆ ನೆಲಕ್ಕೆ ಕಬ್ಬಿಣ ಬೇಗ ಸವೆಯುತ್ತದೆ. ಸವೆಯದಿದ್ದರೂ ಗೊರಸು ಬೆಳೆಯುವುದರಿಂದ 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಅರದಿಂದ ಸಮ ಮಾಡಿ ಮತ್ತೆ ಕಟ್ಟಲೇಬೇಕು. ಸಡಿಲ ಲಾಳದ ಕುದುರೆ ಎಡವುತ್ತದೆ. ಹಾಗಾಗಿ ಸದ್ಯ ಮಕ್ಕಳನ್ನು ಕೂರಿಸುತ್ತಿಲ್ಲ.

ದಾವಣಗೆರೆ, ಹಿರಿಯೂರು ಕಡೆಯವರಾದರೂ ಸರಿ, ಓಡಾಟದ ಖರ್ಚು ಕೊಡುತ್ತೇವೆ. ಗೊತ್ತಿದ್ದವರು ದಯವಿಟ್ಟು ಇನ್‌ಬಾಕ್ಸ್‌ಗೆ ತಿಳಿಸಿ.