ವ್ಯಾಸೆಕ್ಟಮಿ (ಗಂಡಸರ ಸಂತಾನಹರಣ ಆಪರೇಷನ್) ಮಾಡಿಸಿಕೊಂಡವರು ಇದ್ದರೆ ಹೇಳಿ

ಕೇಳಿದವರು (ಬನಶಂಕರಿ, 37 ವರ್ಷ):
ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್. ಇನ್ನು ಸಾಕೆಂದು ತೀರ್ಮಾನಿಸಿದ್ದೇವೆ. ಈ ಸಲ ಆಪರೇಷನ್ ನನಗಿರಲಿ ಎಂದು ಹೆಂಡತಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ಭಯ ಶುರುವಾಗಿದೆ. ನೋವೆಷ್ಟು, ರಜೆ ಎಷ್ಟು ದಿನ ಬೇಕು, ಆಮೇಲೆ ‘ಎಲ್ಲ’ ಮೊದಲಿನಂತೆಯೇ ಇರುತ್ತದೆಯೇ? ಅಮ್ಮನಿಗೆ ಇನ್ನೂ ಹೇಳಿಲ್ಲ.

ವಿಜಯನಗರ, 43 ವರ್ಷ:
ನಾನು ಮಾಡಿಸಿಕೊಂಡು ನಾಲ್ಕು ವರ್ಷವಾಯಿತು. ನೋವಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕದ್ದನ್ನು ನೀವು ಓದುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಚುರುಕ್ ಎನ್ನುತ್ತದೆ. ನಂತರ ಒಳಗಿನ ದಾರವೊಂದನ್ನು ಯಾರೋ ಜಗ್ಗಿದಂತೆ ಕಿಬ್ಬೊಟ್ಟೆಯವರೆಗೆ ಸೆಳೆತ. ಅಷ್ಟೇ. ನನಗೆ ಮಾಡಿದ್ದು ಎನ್‌ಎಸ್‌ವಿ, ಅಂದರೆ ‘ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ’ ಎಂಬ, ಚಾಕು ಬಳಸದ ವಿಧಾನ. ವೃಷಣ ಚೀಲದ ಚರ್ಮದಲ್ಲಿ ಸಣ್ಣದೊಂದು ತೂತು ಮಾಡಿ, ಎರಡೂ ಬದಿಯ ವೀರ್ಯನಾಳಗಳನ್ನು ಅದರಿಂದಲೇ ಹೊರಗೆ ತೆಗೆದು ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಷ್ಟು ಹೊತ್ತೂ ಡಾಕ್ಟರು ನನ್ನ ಮಗಳ ಶಾಲೆಯ ಶುಲ್ಕದ ಬಗ್ಗೆ ಮಾತಾಡಿಸುತ್ತಿದ್ದರು. ನಿಜಕ್ಕೂ ನೋವಾದದ್ದು ಆಗ.

‘ಎಲ್ಲ’ ಮೊದಲಿನಂತೆಯೇ ಇದೆ. ಕತ್ತರಿಸುವುದು ವೀರ್ಯಾಣುಗಳ ದಾರಿಯನ್ನು ಮಾತ್ರ. ಗಂಡಸಿನ ಹಾರ್ಮೋನು ರಕ್ತದಲ್ಲಿ ಸಾಗುತ್ತದೆ, ಅದಕ್ಕೆ ಈ ನಾಳದ ಹಂಗಿಲ್ಲ. ಹೊರಬರುವ ದ್ರವದಲ್ಲಿ ವೀರ್ಯಾಣುಗಳ ಪಾಲು ತೀರಾ ಅಲ್ಪವಾದ್ದರಿಂದ ಅದರಲ್ಲಿಯೂ ವ್ಯತ್ಯಾಸ ಕಾಣುವುದಿಲ್ಲ.

ಆದರೆ ಆಪರೇಷನ್ ಆದೊಡನೆ ಕೆಲಸ ಮುಗಿಯಿತೆಂದು ಎಣಿಸಬೇಡಿ. ಕತ್ತರಿಸಿದ ಜಾಗದಿಂದಾಚೆ ಉಳಿದಿರುವ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು. ನಂತರ ವೀರ್ಯ ಪರೀಕ್ಷೆ. ವರದಿಯಲ್ಲಿ ವೀರ್ಯಾಣು ಶೂನ್ಯ ಎಂದು ಬಂದ ಮೇಲಷ್ಟೇ ನಿಮಗೆ ಆಪರೇಷನ್ ಆಗಿದೆ ಎಂದು ಲೆಕ್ಕ. ನಾನು ಹೋದ ಪ್ರಯೋಗಾಲಯದಲ್ಲಿ ಕೌಂಟರಿನ ಹುಡುಗಿ ‘ವೀರ್ಯ ಪರೀಕ್ಷೆಯವರು ಯಾರು’ ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದಳು. ಆಪರೇಷನ್ ಮೇಜಿನ ಮೇಲೆ ಬರದ ಬೆವರು ಅಲ್ಲಿ ಬಂತು. ಬಹಳ ಗಂಡಸರು ತಪ್ಪಿಸಿಕೊಳ್ಳುವುದು ಇಲ್ಲಿಯೇ ಎಂಬುದು ನನ್ನ ಗುಮಾನಿ.

ಯಲಹಂಕ, ಗೃಹಿಣಿ:
ಮೇಲಿನವರ ಗುಮಾನಿ ಸರಿಯಾಗಿದೆ. ನಮ್ಮ ಯಜಮಾನರು ಪರೀಕ್ಷೆಗೆ ಹೋಗಲಿಲ್ಲ. ಎರಡನೆಯ ತಿಂಗಳಿಗೇ ‘ಎಲ್ಲ ಮುಗಿದಿದೆಯಲ್ಲ’ ಎಂದು ಕಾಂಡೋಮ್ ಬಿಟ್ಟರು. ನನಗೆ ಮುಟ್ಟು ನಿಂತಿತು. ಆಪರೇಷನ್ ಆದವನ ಹೆಂಡತಿ ಬಸುರಿಯಾದರೆ ಮನೆಯವರು ಏನು ಕೇಳುತ್ತಾರೆಂದು ಬಿಡಿಸಿ ಹೇಳಬೇಕೇ? ಅತ್ತೆ ಬಾಯಿಬಿಟ್ಟು ಕೇಳಲಿಲ್ಲ. ಊಟಕ್ಕೆ ಕರೆಯುವುದನ್ನು ನಿಲ್ಲಿಸಿದರು. ಕೊನೆಗೆ ಇವರನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಪರೀಕ್ಷೆ ಮಾಡಿಸಿದಾಗ ವೀರ್ಯಾಣುಗಳು ಇನ್ನೂ ಇದ್ದವು. ಆ ಹಾಳೆಯನ್ನು ತಂದು ಅತ್ತೆಯ ಮುಂದೆ ಇಟ್ಟೆ. ಮಗಳಿಗೆ ಈಗ ಎರಡು ವರ್ಷ, ಅತ್ತೆಯ ತೊಡೆ ಬಿಟ್ಟು ಇಳಿಯುವುದಿಲ್ಲ. ಆ ಎರಡು ವಾರಗಳನ್ನು ಮಾತ್ರ ನಾನು ಮರೆತಿಲ್ಲ. ವರದಿ ಶೂನ್ಯವೆಂದು ಬಂದ ಮೇಲೂ ಸುಮಾರು ಎರಡು ಸಾವಿರಕ್ಕೆ ಒಬ್ಬರಲ್ಲಿ ನಾಳ ತಾನಾಗಿ ಕೂಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ಇದನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡಿ.

ಪೀಣ್ಯ, 35 ವರ್ಷ:
ಡಾಕ್ಟರು ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು ಎಂದಿದ್ದರು. ನಾನು ಎರಡನೆಯದನ್ನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ದಿನ ಬೈಕ್ ಹತ್ತಿ ಕಾರ್ಖಾನೆಗೆ ಹೋದೆ. ನಮ್ಮ ರಸ್ತೆಯ ಗುಂಡಿ, ಉಬ್ಬುಗಳು ನಿಮಗೆ ಗೊತ್ತೇ ಇವೆ. ಸಂಜೆಗೆ ಊದಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಒಳಗೆ ರಕ್ತ ಕಟ್ಟಿತ್ತು. ಬಟ್ಟೆಯಲ್ಲಿ ಸುತ್ತಿದ ಐಸ್, ಬಿಗಿಯಾದ ಲಂಗೋಟಿ, ಎರಡು ವಾರ ಮನೆಯಲ್ಲೇ. ಮೆಟ್ರೊ ಇರುವ ಕಡೆ ಮೆಟ್ರೊದಲ್ಲಿ ಹೋಗಿ, ಬೈಕ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಡಾಕ್ಟರಿಗೆ ಮೊದಲೇ ಹೇಳಿ.

ನಾನು ಮಾಡಿಸಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಖರ್ಚಿಲ್ಲ, ಜೊತೆಗೆ 1,100 ರೂಪಾಯಿ ಖಾತೆಗೆ ಬಂತು. ಮದುವೆಯಾಗಿರಬೇಕು, ವಯಸ್ಸು 60ರ ಒಳಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು ಎಂಬ ನಿಯಮವಿದೆ. ಹೆಂಡತಿಯ ಸಹಿ ಕಡ್ಡಾಯವಲ್ಲ.

ಮಲ್ಲೇಶ್ವರ, ನಿವೃತ್ತ ಮೇಷ್ಟ್ರು:
ನಿಮ್ಮ ತಾಯಿಯವರು ಗಾಬರಿಯಾದರೆ ಬೇಸರಪಡಬೇಡಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಹೆಚ್ಚಿನವು ಗಂಡಸರಿಗೆ, ಎಷ್ಟೋ ಬಲವಂತದಿಂದ. ಆ ಹೆದರಿಕೆ ನಮ್ಮ ತಲೆಮಾರಿನಲ್ಲಿ ಇನ್ನೂ ಇದೆ. ಅದಾದ ಮೇಲೆ ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆಗಿರುವವರು ಶೇ 37.9, ಗಂಡನಿಗೆ ಆಗಿರುವವರು ಶೇ 0.3. ಹೊಟ್ಟೆ ಕೊಯ್ಯುವ ಆಪರೇಷನ್ನಿಗೆ ಅಷ್ಟು ಜನ, ಚರ್ಮ ಚುಚ್ಚುವುದಕ್ಕೆ ಇಷ್ಟು! 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆಯಲು ಮುಂದಾದ ಮೈಸೂರು ಸಂಸ್ಥಾನದ ಮಕ್ಕಳು ನಾವು.

ಹೆಬ್ಬಾಳ, 46 ವರ್ಷ:
ಬೇರೆ ಮಾತು. ನಾನು 34ಕ್ಕೆ ಮಾಡಿಸಿಕೊಂಡೆ. ಆಮೇಲೆ ವಿಚ್ಛೇದನ, ಮರುಮದುವೆ. ನಾಳ ಮತ್ತೆ ಜೋಡಿಸುವ ಆಪರೇಷನ್ನಿಗೆ ಸಾಲ ಮಾಡಿದೆ, ಫಲ ಸಿಗಲಿಲ್ಲ. ವರ್ಷ ಕಳೆದಷ್ಟೂ ಅವಕಾಶ ಕಡಿಮೆಯಾಗುತ್ತದೆ. ಬೇಕಾದಾಗ ಬಿಚ್ಚಿಸಬಹುದು ಎಂದುಕೊಂಡು ಯಾರೂ ಮೇಜು ಹತ್ತಬೇಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ರಾತ್ರಿ ಕುಳಿತು ಇಬ್ಬರೂ ಓದಿದೆವು. ಬೈಕಿನ ಕೀಯನ್ನು ಹೆಂಡತಿ ಈಗಲೇ ತೆಗೆದಿಟ್ಟಿದ್ದಾಳೆ. ಒಂದು ಪ್ರಶ್ನೆ ಉಳಿದಿದೆ: ಪರೀಕ್ಷೆಯ ಸ್ಯಾಂಪಲನ್ನು ಮನೆಯಿಂದಲೇ ಒಯ್ಯಬಹುದೇ?

ವಿಜಯನಗರ:
ಪ್ರಯೋಗಾಲಯದವರು ಒಪ್ಪಿದರೆ ಒಯ್ಯಬಹುದು. ಅವರು ಕೊಟ್ಟ ಡಬ್ಬಿಯಲ್ಲೇ ಹಿಡಿದು, ಒಂದು ಗಂಟೆಯೊಳಗೆ ತಲುಪಿಸಬೇಕು. ದಾರಿಯಲ್ಲಿ ತಣ್ಣಗಾಗದಂತೆ ಒಳಜೇಬಿನಲ್ಲಿಟ್ಟುಕೊಳ್ಳಿ. ಬನಶಂಕರಿಯಲ್ಲೇ ಒಂದನ್ನು ನೋಡಿಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗುವ ಸಾಹಸ ಬೇಡ.