ಹರಳಿನ ‘ದೋಷ’ಕ್ಕೆ ಬೇರೆ ಪದ ಬೇಕೇ?

ಮಾನ್ಯರೇ,

ಬೆಳಕಿನ ಉಪಕರಣಗಳಲ್ಲಿ ಬಳಸುವ ಹರಳುಗಳೊಳಗೆ ಬೆರೆಸಿದ ಲೋಹದ ಅಯಾನುಗಳು (ವಿದ್ಯುದಾವೇಶ ಹೊತ್ತ ಪರಮಾಣುಗಳು) ಎಲ್ಲಿ ನೆಲೆಸುತ್ತವೆ ಎಂಬುದನ್ನು ಕಂಪ್ಯೂಟರಿನ ಲೆಕ್ಕದಿಂದ ಕಂಡುಕೊಳ್ಳುವ ಬಗೆಯನ್ನು ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಅದರ ಒಂದು ಉಪಶೀರ್ಷಿಕೆ ‘ಹರಳಿನ ದೋಷಗಳು ಮತ್ತು ಆವೇಶ ಪರಿಹಾರ’ ಎಂದಿತ್ತು. ಹರಳಿನೊಳಗಿನ ಕ್ರಮವಾದ ಜೋಡಣೆ ತಪ್ಪಿದ ಕಡೆಗೆ ‘ದೋಷ’ ಎಂದೂ, ಅದರಿಂದ ಏರುಪೇರಾದ ವಿದ್ಯುದಾವೇಶ ಸರಿದೂಗುವುದಕ್ಕೆ ‘ಆವೇಶ ಪರಿಹಾರ’ ಎಂದೂ ಹೇಳಿದ್ದೆ. ಕರಡನ್ನು ಓದಿದ ನನ್ನ ಅತ್ತಿಗೆಯವರು, ಯಾವ ಗ್ರಹಕ್ಕೆ ಯಾವ ಉಂಗುರ ಎಂಬ ಪಟ್ಟಿ ಮುಂದಿನ ಪುಟದಲ್ಲಿದೆಯೇ ಎಂದು ಕೇಳಿದರು. ನಗು ಬಂತಾದರೂ ಅವರ ಓದಿನಲ್ಲಿ ತಪ್ಪಿಲ್ಲ. ಹರಳು, ದೋಷ, ಆವೇಶ, ಪರಿಹಾರ ಇವು ಬಿಡಿಬಿಡಿಯಾಗಿ ವಿಜ್ಞಾನ ಬರಹಕ್ಕೆ ಸಲ್ಲುವ ಪದಗಳೇ. ಒಂದೇ ಸಾಲಿಗೆ ಬಂದಾಗ ಮಾತ್ರ ಜಾತಕ ನೋಡುವವರ ಮನೆಯ ಮಾತಾಗುತ್ತವೆ.

ಪದದ ಚರ್ಚೆಗೆ ಮೊದಲು ಪದಾರ್ಥವನ್ನು ಸ್ವಲ್ಪ ವಿವರಿಸಬೇಕು. ನಾನು ಉದಾಹರಣೆಗೆ ತೆಗೆದುಕೊಂಡಿರುವುದು ಲಿಥಿಯಂ, ನಿಯೋಬಿಯಂ, ಆಮ್ಲಜನಕಗಳು ಸೇರಿದ ಲಿಥಿಯಂ ನಿಯೋಬೇಟ್. ಕರಗಿದ ದ್ರವದಿಂದ ಸಾಮಾನ್ಯ ವಿಧಾನದಲ್ಲಿ ಎಳೆದು ಬೆಳೆಸಿದ ಈ ಹರಳಿನಲ್ಲಿ ಅದರ ರಾಸಾಯನಿಕ ಸೂತ್ರ ಹೇಳುವಷ್ಟು ಲಿಥಿಯಂ ಇರುವುದಿಲ್ಲ. ಮೋಲ್ ಲೆಕ್ಕದಲ್ಲಿ ಲಿಥಿಯಂ ಆಕ್ಸೈಡಿನ ಪಾಲು ಶೇಕಡಾ 50ರ ಬದಲು ಸುಮಾರು 48.5 ಇರುತ್ತದೆ. ಹೀಗೆ ಖಾಲಿಯಾದ ಲಿಥಿಯಂ ನೆಲೆಗಳಲ್ಲಿ ಕೆಲವಕ್ಕೆ ನಿಯೋಬಿಯಂ ಬಂದು ಕೂರುತ್ತದೆ. ಒಂದು ಧನಾವೇಶದ ಲಿಥಿಯಂ ಇರಬೇಕಾದ ಕಡೆ ಐದು ಧನಾವೇಶದ ನಿಯೋಬಿಯಂ ಕುಳಿತರೆ ನಾಲ್ಕು ಹೆಚ್ಚಾಯಿತು. ಅದನ್ನು ಸರಿದೂಗಿಸಲು ಇನ್ನೂ ನಾಲ್ಕು ಲಿಥಿಯಂ ನೆಲೆಗಳು ತೆರವಾಗಿಯೇ ಇರಬೇಕು. ಇದು ಬೆಳೆಸಿದವರ ತಪ್ಪಲ್ಲ, ಹರಳು ಬೆಳೆಯುವ ಸಹಜ ರೀತಿಯೇ ಹೀಗೆ. ಇದನ್ನು ‘ದೋಷ’ ಎನ್ನುವಾಗ ನನ್ನ ಕೈ ತಡೆಯುತ್ತದೆ.

‘ಊನ’, ‘ಕುಂದು’, ‘ನ್ಯೂನತೆ’ ಎಂಬ ಪದಗಳನ್ನೂ ಯೋಚಿಸಿದೆ. ತೆರವಾದ ನೆಲೆಗೆ ಅವು ಒಪ್ಪುತ್ತವೆ. ಆದರೆ ಸಾಲುಗಳ ಸಂದಿನಲ್ಲಿ ಹೆಚ್ಚುವರಿಯಾಗಿ ಸಿಕ್ಕಿಕೊಂಡ ಅಯಾನನ್ನೂ ಇದೇ ಗುಂಪಿಗೆ ಸೇರಿಸಬೇಕಲ್ಲ, ಹೆಚ್ಚಾದುದನ್ನು ಊನ ಎನ್ನುವುದು ಹೇಗೆ? ಹಾಗಾಗಿ ‘ಕ್ರಮಭಂಗ’ ಎಂಬ ಪದದ ಕಡೆ ನನ್ನ ಮನಸ್ಸು ವಾಲಿದೆ. ಪದ್ಯದ ಸಾಲಿನಲ್ಲಿ ನಿಲುಗಡೆ ತಪ್ಪುವುದಕ್ಕೆ ಹೇಳುವ ಛಂದಸ್ಸಿನ ‘ಯತಿಭಂಗ’ ನಮ್ಮ ಕಿವಿಗೆ ಹೊಸದಲ್ಲ, ಮೇಲಾಗಿ ಯತಿಯನ್ನು ಮೀರಿದ ಕನ್ನಡ ಪದ್ಯವನ್ನು ಯಾರೂ ಕೆಟ್ಟ ಪದ್ಯವೆಂದು ಬದಿಗಿಡುವುದಿಲ್ಲ. ಆದರೆ ‘ದೋಷ’ದ ಪರವಾಗಿಯೂ ಒಂದು ವಾದವಿದೆ ಎಂಬುದನ್ನು ಒಪ್ಪುತ್ತೇನೆ: ಆಯುರ್ವೇದದಲ್ಲಿ ವಾತ, ಪಿತ್ತ, ಕಫಗಳನ್ನು ದೋಷಗಳೆಂದು ಕರೆದರೂ ಅವು ಮೈಯಲ್ಲಿ ಸಹಜವಾಗಿ ಇರತಕ್ಕವೇ.

ಬೇಕೆಂದೇ ಬೆರೆಸುವ ಲೋಹಕ್ಕೆ ‘ಕಲ್ಮಶ’ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಶುದ್ಧ ಅಲ್ಯೂಮಿನಿಯಂ ಆಕ್ಸೈಡಿನ ಹರಳಿಗೆ ಬಣ್ಣವಿಲ್ಲ; ಅದರ ಕೆಲವೇ ಅಲ್ಯೂಮಿನಿಯಂ ನೆಲೆಗಳಿಗೆ ಕ್ರೋಮಿಯಂ ಬಂದಾಗ ಅದು ನಮ್ಮ ಅಜ್ಜಿಯರ ಓಲೆಯ ‘ಕೆಂಪು’ ಆಗುತ್ತದೆ, 1960ರ ಮೊದಲ ಲೇಸರ್ ಹೊಮ್ಮಿದ್ದೂ ಅಂಥ ಹರಳಿನಿಂದಲೇ. ಕೆಂಪನ್ನು ಕೆಂಪಾಗಿಸಿದ್ದನ್ನೇ ಕಲ್ಮಶ ಎನ್ನಲಾದೀತೇ? ‘ಬೆರಕೆ’ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಲಬೆರಕೆಯ ವಾಸನೆ ಇದೆ ಎನ್ನುವವರಿಗೆ ಬೆರಕೆ ಸೊಪ್ಪಿನ ಸಾರನ್ನು ನೆನಪಿಸುತ್ತೇನೆ. ಹೀಗೆ ಬೆರೆಸುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಡೋಪ್’ ಕೂಡ ಡಚ್ಚರು ಅದ್ದಿಕೊಂಡು ತಿನ್ನುವ ಒಂದು ಬಗೆಯ ಗೊಜ್ಜಿನ ಹೆಸರಿನಿಂದ ಬಂದದ್ದು, ಆದ್ದರಿಂದ ಅಡುಗೆಮನೆಯ ಮಾತೆಂದು ನಾವು ಸಂಕೋಚಪಡಬೇಕಾಗಿಲ್ಲ. ಆದರೆ ‘ಲೋಹದ ಬೆರಕೆ’ ಎಂದೊಡನೆ ಓದುಗರು ಕಂಚು, ಹಿತ್ತಾಳೆಗಳನ್ನು ನೆನೆಯಬಹುದು. ‘ಬೆರಕೆಯ ಲೋಹ ಅಯಾನು’ ಎಂದರೆ ಉದ್ದವಾದರೂ ಸ್ಪಷ್ಟವಾಗುತ್ತದೆ.

ಇನ್ನು ‘ಮಾದರಿ’ಯ ತೊಡಕು. ಪ್ರಯೋಗಾಲಯದ ತುಣುಕೂ ಮಾದರಿ, ಕಂಪ್ಯೂಟರಿನಲ್ಲಿ ಕಟ್ಟಿದ ಹರಳೂ ಮಾದರಿ. ‘ಮಾದರಿಯ ದೋಷ’ ಎಂದರೆ ತುಣುಕಿನಲ್ಲಿರುವ ಕ್ರಮಭಂಗವೋ, ಲೆಕ್ಕದಲ್ಲಿ ನಾವೇ ಇಟ್ಟ ಕ್ರಮಭಂಗವೋ, ಲೆಕ್ಕವೇ ತಪ್ಪಿದೆಯೆಂಬ ಆಕ್ಷೇಪವೋ ತಿಳಿಯುವುದಿಲ್ಲ. ಮೂರೂ ಒಂದೇ ಪುಟದಲ್ಲಿ ಬರುತ್ತವೆ. ಏಕೆಂದರೆ 1938ರಲ್ಲಿ ಭೌತವಿಜ್ಞಾನಿಗಳಾದ ಮಾಟ್ ಮತ್ತು ಲಿಟಲ್‌ಟನ್ ತೋರಿಸಿದ ದಾರಿಯಲ್ಲಿ, ಕ್ರಮಭಂಗದ ಹತ್ತಿರದ ಅಯಾನುಗಳನ್ನು ಒಂದೊಂದಾಗಿ ಸರಿದಾಡಲು ಬಿಟ್ಟು, ದೂರದವುಗಳನ್ನು ಅಂದಾಜಿನಿಂದ ನಿಭಾಯಿಸಿ, ಬರುವ ಶಕ್ತಿಯ ಮೊತ್ತವನ್ನು ಹೋಲಿಸಲಾಗುತ್ತದೆ. ಉದಾಹರಣೆಗೆ, ಲಿಥಿಯಂ ನಿಯೋಬೇಟಿಗೆ ಬೆರೆಸಿದ ಮೂರು ಧನಾವೇಶದ ಎರ್ಬಿಯಂ ಎಂಬ ಲೋಹ ಲಿಥಿಯಂ ನೆಲೆಗೆ ಹೋಗಿ ಎರಡು ತೆರವುಗಳನ್ನು ಉಂಟುಮಾಡುತ್ತದೆಯೇ, ಅಥವಾ ಒಂದು ಎರ್ಬಿಯಂ ಲಿಥಿಯಂ ನೆಲೆಗೂ ಇನ್ನೊಂದು ನಿಯೋಬಿಯಂ ನೆಲೆಗೂ ಹೋಗಿ, ಒಂದು ಮತ್ತು ಐದರ ಜಾಗದಲ್ಲಿ ಮೂರು ಮತ್ತು ಮೂರು ಕುಳಿತು, ಲೆಕ್ಕ ತನ್ನಷ್ಟಕ್ಕೆ ಆರಕ್ಕೆ ಆರು ಸರಿಹೋಗುತ್ತದೆಯೇ? ಯಾವುದಕ್ಕೆ ಕಡಿಮೆ ಶಕ್ತಿ ಸಾಕೋ ಅದೇ ನಡೆಯುವ ಸಂಭವ ಹೆಚ್ಚು. ಈ ಹೊಂದಾಣಿಕೆಗೆ ‘ಪರಿಹಾರ’ಕ್ಕಿಂತ ತಕ್ಕಡಿಯ ಮಾತಾದ ‘ಸರಿದೂಗಿಕೆ’ ಎಷ್ಟೋ ಮೇಲು. ತುಣುಕಿಗೆ ‘ನಮೂನೆ’, ಕಂಪ್ಯೂಟರಿನದಕ್ಕೆ ‘ಗಣಕ ಮಾದರಿ’ ಎಂದು ಸದ್ಯಕ್ಕೆ ಬೇರ್ಪಡಿಸಿದ್ದೇನೆ.

ತಿಳಿದವರಲ್ಲಿ ನನ್ನ ಕೋರಿಕೆ ಎರಡು. ಸಮಾಸಗಳಲ್ಲಿ ‘ಕ್ರಮಭಂಗ’ ತೊಡಕಾಗುತ್ತದೆಯೇ? ಒಂದೇ ನೆಲೆಯಲ್ಲಿ ಆಗುವ ಕ್ರಮಭಂಗಕ್ಕೆ ‘ಬಿಂದು ಕ್ರಮಭಂಗ’ ಎಂದು ಬರೆದು ನೋಡಿದೆ, ನಾಲಗೆಗೆ ಸುಲಭವಾಗಿ ಹೊರಳುತ್ತಿಲ್ಲ. ಎರಡನೆಯದು, ತನ್ನದಲ್ಲದ ನೆಲೆಯಲ್ಲಿ ಕುಳಿತ ನಿಯೋಬಿಯಂಗೆ ‘ಪರನೆಲೆ ನಿಯೋಬಿಯಂ’ ಎಂದಿದ್ದೇನೆ. ಇದಕ್ಕಿಂತ ಒಳ್ಳೆಯ ಮಾತಿದ್ದರೆ ತಿಳಿಸಬೇಕು. ಹರಳು ಕೂರಿಸುವ ಅಕ್ಕಸಾಲಿಗರ ಪರಿಚಯವಿರುವವರು, ಕಲ್ಲಿನೊಳಗೆ ಕಾಣುವ ಬೇರೆ ಬಗೆಯ ಕಣಕ್ಕೋ ಗೆರೆಗೋ ಅವರು ಏನೆನ್ನುತ್ತಾರೆಂದು ಕೇಳಿ ಬರೆದರೆ ತುಂಬ ಉಪಕಾರವಾಗುತ್ತದೆ.