ಶಿಕ್ಷಕ ವೃತ್ತಿ ಬಿಟ್ಟು ನರ್ಸಿಂಗ್‌ಗೆ ಹೋದರೆ ಸಮಯದ ಅನುಕೂಲ ಸಿಗುತ್ತದೆಯೇ?

ಪ್ರಶ್ನೆ: ಶಿಕ್ಷಕಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನಗೀಗ 32 ವರ್ಷ. ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಬಿ.ಎ., ಬಿ.ಎಡ್. ಮುಗಿಸಿ, ಇಲ್ಲಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಅತ್ತೆಯವರಿಗೆ ಮೂತ್ರಪಿಂಡದ ಕಾಯಿಲೆಯಿದ್ದು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ಒಂದೊಂದು ಸಲಕ್ಕೂ ನಾಲ್ಕು ತಾಸು ಹಿಡಿಯುತ್ತದೆ. ನಮ್ಮ ಯಜಮಾನರು ಕೆಲಸದ ಮೇಲೆ ಊರೂರು ತಿರುಗುವವರಾದ್ದರಿಂದ ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನ ಮೇಲಿದೆ. ಪ್ರತಿ ವಾರ ಅರ್ಧ ದಿನದ ರಜೆ ಕೇಳುವಾಗ ಮುಖ್ಯೋಪಾಧ್ಯಾಯರ ಮುಖ ನೋಡಲಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹತ್ತನೇ ತರಗತಿಯ ಮಕ್ಕಳ ಪಾಠ ಹಿಂದೆ ಬೀಳುತ್ತಿರುವುದು ನನ್ನನ್ನು ಕಾಡುತ್ತಿದೆ.

ಬ್ರಿಟನ್ನಿನಲ್ಲಿ ನರ್ಸ್ ಆಗಿರುವ ನಮ್ಮ ಸಂಬಂಧಿಕರೊಬ್ಬರು ತಮಗೆ ಬೇಕಾದ ದಿನಗಳನ್ನು ತಾವೇ ಆರಿಸಿಕೊಂಡು ದುಡಿಯುತ್ತಾರೆ. ಅವರ ಮಾತು ಕೇಳಿದಾಗಿನಿಂದ ನರ್ಸಿಂಗ್ ಕಲಿಯಬೇಕೆಂಬ ವಿಚಾರ ಗಟ್ಟಿಯಾಗುತ್ತಿದೆ. ಈ ವಯಸ್ಸಿನಲ್ಲಿ, ಕಲಾ ವಿಭಾಗ ಓದಿದ ನನಗೆ ಪ್ರವೇಶ ಸಿಗುವುದೇ? ಸಿಕ್ಕರೂ, ನಮ್ಮ ಭಾಗದ ಆಸ್ಪತ್ರೆಗಳಲ್ಲಿ ಅಂಥ ಅನುಕೂಲ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಶುಶ್ರೂಷಾಧಿಕಾರಿ, ಬೆಳಗಾವಿ

ಅಕ್ಕಾವರೇ, ನಿಮ್ಮ ಸಂಬಂಧಿಕರು ಹೇಳಿದ್ದರಲ್ಲಿ ಸುಳ್ಳಿಲ್ಲ. ಬ್ರಿಟನ್ನಿನ ಎನ್‌ಎಚ್‌ಎಸ್ (ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳಲ್ಲಿ 'ಬ್ಯಾಂಕ್' ಎಂಬ ಪದ್ಧತಿಯಿದ್ದು, ಅದರಲ್ಲಿ ಹೆಸರು ನೋಂದಾಯಿಸಿದ ನರ್ಸ್ ಖಾಲಿ ಇರುವ ಪಾಳಿಗಳಲ್ಲಿ ತನಗೆ ಹೊಂದುವುದನ್ನು ಆರಿಸಿಕೊಳ್ಳಬಹುದು. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಹನ್ನೆರಡು ತಾಸಿನ ಮೂರು ಪಾಳಿ ಮುಗಿಸಿದರೆ ಆ ವಾರದ ಕೆಲಸವೇ ಮುಗಿಯಿತು. ಆದರೆ ನೀವು ಕೆಲಸ ಮಾಡಬೇಕಾದದ್ದು ವಿಜಯಪುರದಲ್ಲಿ, ಮತ್ತು ಇಲ್ಲಿಯ ವ್ಯವಸ್ಥೆಯೇ ಬೇರೆ.

ನಮ್ಮಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8, ಹೀಗೆ ಮೂರು ಪಾಳಿಗಳಿರುತ್ತವೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅರ್ಧ-ಒಂದು ತಾಸಿನ ವ್ಯತ್ಯಾಸವಿರಬಹುದು. ಯಾವ ವಾರ ಯಾರಿಗೆ ಯಾವ ಪಾಳಿ ಎಂಬುದನ್ನು ಇನ್‌ಚಾರ್ಜ್ ಸಿಸ್ಟರ್ ಡ್ಯೂಟಿ ಪಟ್ಟಿಯಲ್ಲಿ ಬರೆಯುತ್ತಾರೆ. ನಿಮ್ಮ ಕೋರಿಕೆಯನ್ನು ಅವರು ಕೇಳಿಸಿಕೊಳ್ಳುತ್ತಾರೆ, ಸಾಧ್ಯವಾದರೆ ನಡೆಸಿಯೂ ಕೊಡುತ್ತಾರೆ. ಆದರೆ ವಾರ್ಡಿನಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿ, ಇನ್ನೊಬ್ಬರು ಜ್ವರದಲ್ಲಿ ಇದ್ದರೆ ನಿಮ್ಮ ಡಯಾಲಿಸಿಸ್‌ನ ಎರಡು ದಿನಗಳನ್ನು ಬಿಡಿಸಿಕೊಡಲು ಅವರಿಂದಲೂ ಆಗುವುದಿಲ್ಲ. ಪಾಳಿ ಮುಗಿದ ಕೂಡಲೇ ಹೊರಡುವಂತೆಯೂ ಇಲ್ಲ. ಮುಂದಿನ ಪಾಳಿಯವರು ಬಂದು, ಹಾಸಿಗೆ ಹಾಸಿಗೆಗೂ ಹೋಗಿ ರೋಗಿಯ ಸ್ಥಿತಿ, ಕೊಟ್ಟ ಔಷಧಿ, ಕೊಡಬೇಕಾದ ಔಷಧಿ ಎಲ್ಲವನ್ನೂ ಒಪ್ಪಿಸಿಕೊಂಡ ಮೇಲಷ್ಟೇ ನಮಗೆ ಬಿಡುಗಡೆ. ಅವರ ಬಸ್ಸು ತಡವಾದರೆ ನಾವೂ ತಡ.

ರಜೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆ, ದಸರಾ ರಜೆ, ಇವು ನರ್ಸಿಂಗ್‌ನಲ್ಲಿ ಇಲ್ಲವೇ ಇಲ್ಲ. ಸಂಕ್ರಮಣದಲ್ಲಿ ನಿಮ್ಮೂರಿನ ಸಿದ್ಧೇಶ್ವರ ಜಾತ್ರೆ ನಡೆದಿರುವಾಗಲೂ ತುರ್ತು ಚಿಕಿತ್ಸಾ ವಿಭಾಗದಲ್ಲಿ ಯಾರಾದರೂ ನಿಂತಿರಲೇಬೇಕು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲು ಮನೆಯಲ್ಲಿರುವುದು ರಜೆಯಂತೆ ಕಂಡರೂ, ಅದು ನಿದ್ದೆ ಮಾಡಬೇಕಾದ ಹೊತ್ತು. ಆ ಹೊತ್ತಿನಲ್ಲಿ ಅತ್ತೆಯವರೊಡನೆ ಡಯಾಲಿಸಿಸ್ ಕೋಣೆಯ ಹೊರಗೆ ನಾಲ್ಕು ತಾಸು ಕುಳಿತು, ರಾತ್ರಿ ಮತ್ತೆ ಪಾಳಿಗೆ ಹೋದರೆ ದೇಹ ಎಷ್ಟು ದಿನ ತಡೆದೀತು? ಔಷಧಿಯ ಪ್ರಮಾಣದಲ್ಲಿ ಒಂದು ಚುಕ್ಕೆ ತಪ್ಪಿದರೂ ಕೆಡುಕಾಗುವ ಕೆಲಸವಿದು, ನಿದ್ದೆಗೆಟ್ಟು ಮಾಡಬಾರದು.

ರೋಗಿಯ ಸೇವೆಯಲ್ಲಿ ನಿಮಗೆ ಮನಸ್ಸಿದ್ದರೆ ಖಂಡಿತ ಬನ್ನಿರಿ, ನಿಮ್ಮಂಥವರು ಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತಾವೇ ಚುಚ್ಚಿಕೊಳ್ಳುವುದನ್ನು ಕಲಿಸುವಾಗ, ಚೊಚ್ಚಲ ಬಾಣಂತಿಗೆ ಎದೆಹಾಲು ಕುಡಿಸುವ ರೀತಿ ತಿಳಿಸುವಾಗ, ಪಾಠ ಹೇಳಿ ಅಭ್ಯಾಸವಿರುವವರ ಮಾತು ಬೇಗ ಮನಸ್ಸಿಗೆ ಮುಟ್ಟುತ್ತದೆ. ಆದರೆ ಸಮಯ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಬರುವುದಾದರೆ, ಬೇಡವೆನ್ನುತ್ತೇನೆ.

ಉತ್ತರ: ನರ್ಸಿಂಗ್ ಬೋಧಕಿ, ಬಾಗಲಕೋಟೆ

ಪ್ರವೇಶದ ಬಗ್ಗೆ ಕೇಳಿದ್ದೀರಿ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕಾದ್ದರಿಂದ ಆ ದಾರಿ ನಿಮಗಿಲ್ಲ. ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಹೆರಿಗೆ ಆರೈಕೆ) ಡಿಪ್ಲೊಮಾಕ್ಕೆ ಕಲಾ ವಿಭಾಗದವರೂ ಸೇರಬಹುದು. ಇಂಗ್ಲಿಷ್ ಒಂದು ವಿಷಯವಾಗಿರಬೇಕು, ಒಟ್ಟು ಅಂಕ ಶೇ. 40ಕ್ಕೆ ಕಡಿಮೆ ಇರಬಾರದು. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಪ್ರವೇಶದ ವಯಸ್ಸು 17ರಿಂದ 35. ನಿಮಗೆ ಇನ್ನೂ ಅವಕಾಶವಿದೆ, ಆದರೆ ಬಹಳ ದಿನ ಮುಂದೂಡುವಂತಿಲ್ಲ.

ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ಸಂಗತಿಯೊಂದಿದೆ. ಈ ಕೋರ್ಸನ್ನು ಅಂಚೆ ಶಿಕ್ಷಣದಲ್ಲಾಗಲಿ, ಸಂಜೆ ತರಗತಿಯಲ್ಲಾಗಲಿ ಮುಗಿಸಲು ಬರುವುದಿಲ್ಲ. ಪ್ರತಿ ವಿಷಯದಲ್ಲೂ ಶೇ. 80 ಹಾಜರಿ ಬೇಕು; ವಾರ್ಡಿನ ಪ್ರಾಯೋಗಿಕ ತರಬೇತಿಯಲ್ಲಿ ತಪ್ಪಿದ ದಿನಗಳನ್ನೆಲ್ಲ ತುಂಬಿಕೊಟ್ಟು ಶೇ. 100 ಆದ ಮೇಲೆಯೇ ಡಿಪ್ಲೊಮಾ ಕೈಗೆ ಬರುತ್ತದೆ. ಎಂದರೆ, ಸಮಯಕ್ಕಾಗಿ ಹಂಬಲಿಸಿ ಹೊರಟ ನಿಮಗೆ ಮೊದಲ ಮೂರು ವರ್ಷ ಈಗಿರುವಷ್ಟು ಬಿಡುವೂ ಇರುವುದಿಲ್ಲ, ಸಂಬಳವೂ ಇರುವುದಿಲ್ಲ. ಆ ಮೂರು ವರ್ಷ ಅತ್ತೆಯವರನ್ನು ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಮನೆಯಲ್ಲಿ ಕುಳಿತು ಮೊದಲು ತೀರ್ಮಾನಿಸಿರಿ.

ಹಗಲಿನ ಕೆಲಸಗಳೂ ಇವೆ. ಹೊರರೋಗಿ ವಿಭಾಗ, ಕಣ್ಣಿನ ಆಸ್ಪತ್ರೆ ಮೊದಲಾದ ಕಡೆ ರಾತ್ರಿ ಪಾಳಿ ಕಡಿಮೆ. ಆದರೆ ಅಲ್ಲಿಗೆ ಹೊಸಬರಿಗಿಂತ ಅನುಭವಿಗಳನ್ನು ಹಾಕುವುದೇ ರೂಢಿ. ಜಿಎನ್‌ಎಂ ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿ ಗುತ್ತಿಗೆಯ ಮೇಲೆ ಸೇರುವ ದಾರಿಯಿದೆ. ಒಂದಿಷ್ಟು ಅನುಭವದ ಮೇಲೆ ನನ್ನಂತೆ ಬೋಧಕಿಯೂ ಆಗಬಹುದು. ಅಷ್ಟು ಹೊತ್ತಿಗೆ ನಿಮಗೆ ನಲವತ್ತು ಸಮೀಪಿಸಿರುತ್ತದೆ, ಮತ್ತು ಆಗ ನೀವು ಮಾಡುವುದು ಮತ್ತೆ ಪಾಠವನ್ನೇ.

ಉತ್ತರ: ಸ್ಟಾಫ್ ನರ್ಸ್, ಗೋಕಾಕ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ನಾನೂ ಡಿ.ಎಡ್. ಮಾಡಿ ಶಾಲೆಯಲ್ಲಿದ್ದವಳು, ಆಮೇಲೆ ಜಿಎನ್‌ಎಂ ಮಾಡಿಕೊಂಡೆ. ಶಾಲೆಯ ಕೆಲಸ ನಾಲ್ಕೂವರೆಗೆ ಮುಗಿಯುತ್ತದೆ ಎನ್ನುವುದು ಹೊರಗಿನವರ ಮಾತು. ಉತ್ತರ ಪತ್ರಿಕೆ, ಪಾಠ ಯೋಜನೆ, ಅಂಕಪಟ್ಟಿ ಎಲ್ಲವೂ ಚೀಲದೊಳಗೆ ಮನೆಗೆ ಬರುತ್ತಿದ್ದವು. ಈಗ ಪಾಳಿ ಒಪ್ಪಿಸಿ ಬಂದೆನೆಂದರೆ ಆಸ್ಪತ್ರೆಯ ಯಾವ ಕಾಗದವೂ ನನ್ನ ಹಿಂದೆ ಬರುವುದಿಲ್ಲ. ಮಧ್ಯಾಹ್ನದ ಪಾಳಿ ಇದ್ದಾಗ ಬ್ಯಾಂಕು, ತಹಶೀಲ್ದಾರ ಕಚೇರಿ, ತಂದೆಯವರ ವೈದ್ಯರ ಭೇಟಿ, ಎಲ್ಲ ಬೆಳಗಿನಲ್ಲೇ ಮುಗಿಯುತ್ತವೆ. ಜೊತೆಯವರೊಡನೆ ಪಾಳಿ ಬದಲಾಯಿಸಿಕೊಳ್ಳುವ ರೂಢಿಯೂ ಉಂಟು. ಇಂದು ಅವರಿಗೆ ನೀವಾದರೆ ನಾಳೆ ನಿಮಗೆ ಅವರಾಗುತ್ತಾರೆ.

ಆದರೆ ನನ್ನ ಮನೆಯಲ್ಲಿ ತಾಯಿಯಿದ್ದಾರೆ. ರಾತ್ರಿ ಪಾಳಿಯ ವಾರ ಮಕ್ಕಳ ಊಟ, ಶಾಲೆ ಎಲ್ಲವನ್ನೂ ಅವರೇ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಕಾಯಿಲೆಯವರೇ ಹಿರಿಯರು, ಯಜಮಾನರು ಊರಲ್ಲಿರುವುದಿಲ್ಲ. ನನಗೆ ಹೊಂದಿದ್ದು ನಿಮಗೂ ಹೊಂದುತ್ತದೆ ಎನ್ನುವ ಧೈರ್ಯ ನನಗಿಲ್ಲ.

ಉತ್ತರ: ಶುಶ್ರೂಷಾಧಿಕಾರಿ, ಬೆಳಗಾವಿ

ಗೋಕಾಕದ ತಂಗಿ ಹೇಳಿದ್ದು ಸರಿ, ಪಾಳಿ ಬದಲಾವಣೆಯನ್ನು ನಾನು ಹೇಳಬೇಕಿತ್ತು. ಶಿಕ್ಷಕಿಯವರಿಗೆ ಒಂದು ಪ್ರಶ್ನೆ: ಡಯಾಲಿಸಿಸ್ ಈಗ ಎಷ್ಟು ಹೊತ್ತಿಗೆ ನಡೆಯುತ್ತಿದೆ? ಅನೇಕ ಕೇಂದ್ರಗಳಲ್ಲಿ ರೋಗಿಗಳಿಗೂ ದಿನಕ್ಕೆ ಎರಡು-ಮೂರು ಸರದಿಗಳಿರುತ್ತವೆ. ಸಂಜೆಯ ಸರದಿ ಸಿಕ್ಕರೆ ನಿಮ್ಮ ಶಾಲೆಗೆ ಅಡ್ಡಿಯೇ ಆಗದು. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಅತ್ತೆಯವರಿಗೆ ಹೊಂದುವುದೇ ಎಂದು ಮೂತ್ರಪಿಂಡ ತಜ್ಞರನ್ನೂ ಕೇಳಿ ನೋಡಿರಿ. ಎಲ್ಲ ರೋಗಿಗಳಿಗೂ ಅದು ಒಗ್ಗುವುದಿಲ್ಲ.

ಪ್ರಶ್ನೆ ಕೇಳಿದವರು: ಶಿಕ್ಷಕಿ, ವಿಜಯಪುರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಮಗೆ ಕೊಟ್ಟಿರುವುದು ಬೆಳಗಿನ ಹನ್ನೊಂದರ ಸರದಿ. ಅದನ್ನು ಬದಲಾಯಿಸಲು ಬರುತ್ತದೆ ಎಂಬುದೇ ನಮಗೆ ಹೊಳೆದಿರಲಿಲ್ಲ. ಮುಂದಿನ ಸಲ ಹೋದಾಗ ಅಲ್ಲಿಯ ಸಿಸ್ಟರ್ ಅವರನ್ನು ವಿಚಾರಿಸುತ್ತೇನೆ. ಶಾಲೆಯಲ್ಲಿಯೂ ಆ ಎರಡು ದಿನ ನನ್ನ ಅವಧಿಗಳನ್ನು ಬೆಳಗಿನಲ್ಲೇ ಹಾಕಿಕೊಡುವಂತೆ ಕೇಳುತ್ತೇನೆ. ನರ್ಸಿಂಗ್ ಆಸೆಯನ್ನು ಬಿಟ್ಟಿಲ್ಲ. ಆ ಡಯಾಲಿಸಿಸ್ ಕೋಣೆಯ ಸಿಸ್ಟರ್‌ಗಳು ನಮ್ಮ ಅತ್ತೆಯವರನ್ನು ನೋಡಿಕೊಳ್ಳುವ ರೀತಿ ಕಂಡೇ ಅರ್ಧ ಮನಸ್ಸು ಅತ್ತ ಹೊರಳಿದ್ದು. ವರ್ಷದೊಳಗೆ ಮನೆಯ ವ್ಯವಸ್ಥೆ ಕೂಡಿಬಂದರೆ ಜಿಎನ್‌ಎಂ ಅರ್ಜಿ ಹಾಕುವ ವಿಚಾರವಿದೆ.

ಉತ್ತರ: ನರ್ಸಿಂಗ್ ಬೋಧಕಿ, ಬಾಗಲಕೋಟೆ

ಹಾಗಾದರೆ ಏಜೆಂಟರ ಕೈಗೆ ಹಣ ಕೊಡಬೇಡಿರಿ. ನೀವು ಸೇರುವ ಸಂಸ್ಥೆಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ, ತರಬೇತಿಗೆ ಸ್ವಂತ ಆಸ್ಪತ್ರೆ ಇದೆಯೇ ಎಂಬುದನ್ನು ನೀವೇ ಹೋಗಿ ಕಣ್ಣಾರೆ ನೋಡಿರಿ. ಮಾನ್ಯತೆಯಿಲ್ಲದ ಕಡೆ ಕಲಿತರೆ ಪರಿಷತ್ತಿನಲ್ಲಿ ನೋಂದಣಿಯಾಗುವುದಿಲ್ಲ, ನೋಂದಣಿಯಿಲ್ಲದೆ ನರ್ಸ್ ಎಂದು ಕೆಲಸ ಮಾಡಲು ಬರುವುದಿಲ್ಲ. ಬಾಗಲಕೋಟೆಯ ಕಡೆ ಬರುವುದಾದರೆ ಇಲ್ಲಿಯೇ ತಿಳಿಸಿರಿ, ನಮ್ಮ ವಿದ್ಯಾರ್ಥಿಗಳು ವಾರ್ಡಿನಲ್ಲಿ ಹೇಗೆ ಕಲಿಯುತ್ತಾರೆ ಎಂಬುದನ್ನು ತೋರಿಸುತ್ತೇನೆ.